ಮಂಡಿಗೆ ಆಪರೇಷನ್, ಹೃದಯಕ್ಕೇಕೆ ಪರೀಕ್ಷೆ?



ಪೂಜೆ ಮುಗಿದು ಪ್ರಸಾದಕ್ಕೆ ಕುಳಿತಾಗ ಈಚೆಗೆ ಒಂದು ಬಗೆಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. "ಮುಂದಿನ ತಿಂಗಳು ಅಪ್ಪನಿಗೆ ಮಂಡಿ ಬದಲಾಯಿಸುತ್ತಾರೆ", "ಅತ್ತೆಯವರ ಪಿತ್ತಕೋಶ ತೆಗೆಯಬೇಕಂತೆ". ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಕಡೆಗೆ ಯೌವನದಲ್ಲಿ ಬಂದ ನಮ್ಮಲ್ಲಿ ಅನೇಕರು ಈಗ ಮೆಡಿಕೇರ್ ವಯಸ್ಸು ದಾಟಿದ್ದೇವೆ. ಊರಿನಿಂದ ಬಂದು ಜೊತೆಗಿರುವ ತಂದೆತಾಯಿಯರಂತೂ ಎಂಬತ್ತರ ಆಸುಪಾಸಿನವರು. ಸರ್ಜನ್ "ಮೊದಲು ಹೃದಯದ ಪರೀಕ್ಷೆ ಆಗಲಿ" ಎಂದರೆ ಹಿರಿಯರು ಕೇಳುವ ಪ್ರಶ್ನೆ ಒಂದೇ: "ನೋವಿರುವುದು ಮಂಡಿಯಲ್ಲಿ, ಎದೆಗೇಕೆ ಪರೀಕ್ಷೆ?" ಈ ಸಲದ ಆರೋಗ್ಯ ಪಾಠದಲ್ಲಿ ಅದಕ್ಕೆ ಉತ್ತರ ಹುಡುಕೋಣ.

ನಮಗೆ ತಿಳಿದ ಒಂದು ಮನೆಯ ಸಂಗತಿಯಿಂದ ಆರಂಭಿಸುತ್ತೇವೆ. ಹಾಸನದ ಕಡೆಯಿಂದ ಸ್ಯಾನ್ ಡಿಯಾಗೋಗೆ ಬಂದಿದ್ದ ಅಜ್ಜಿಯೊಬ್ಬರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ನರ್ಸ್ ಬಂದು ಹೇಗಿದ್ದೀರಿ ಎಂದು ಕೇಳಿದಾಗ ಅಜ್ಜಿ "ಪರವಾಗಿಲ್ಲ" ಎಂದರು. ಪಕ್ಕದಲ್ಲಿದ್ದ ಮಗ ಅದನ್ನು "ಚೆನ್ನಾಗಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬೆಳಗಿನ ಜಾವ ಅಜ್ಜಿ ಬೆವರುತ್ತಾ ಏದುಸಿರು ಬಿಡುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಹೃದಯಕ್ಕೆ ಪೆಟ್ಟಾಗಿರುವುದು ತಿಳಿಯಿತು. ದೇವರ ದಯೆ, ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿ ಚೇತರಿಸಿಕೊಂಡರು. ಆಮೇಲೆ ಅವರು ಹೇಳಿದ್ದು: "ರಾತ್ರಿಯೇ ಎದೆ ಹಿಡಿದ ಹಾಗಿತ್ತು. ಗ್ಯಾಸ್ ಇರಬೇಕು ಅಂದುಕೊಂಡೆ. ನಿಮ್ಮ ನಿದ್ದೆ ಯಾಕೆ ಕೆಡಿಸಲಿ ಅಂತ ಸುಮ್ಮನಾದೆ."

ಹೃದಯಕ್ಕೆ ಬೀಳುವ ಭಾರ

ಕತ್ತರಿ ಆಡುವುದು ಮಂಡಿಯಲ್ಲಾದರೂ ಅದರ ಆಯಾಸ ಇಡೀ ದೇಹಕ್ಕೆ. ಗಾಯ, ನೋವು, ಚಳಿನಡುಕಗಳಿಂದ ನಾಡಿಬಡಿತ ಏರುತ್ತದೆ, ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ರಕ್ತಸ್ರಾವದಿಂದಲೂ ಅರಿವಳಿಕೆಯಿಂದ ಇಳಿದ ರಕ್ತದೊತ್ತಡದಿಂದಲೂ ಪೂರೈಕೆ ಕಡಿಮೆಯಾಗುತ್ತದೆ. ಖರ್ಚು ಏರಿ ಆದಾಯ ಇಳಿದ ಸಂಸಾರದಂತೆ! ಜೊತೆಗೆ ಗಾಯವಾದ ದೇಹದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ರಕ್ತನಾಳದಲ್ಲಿ ಮೊದಲೇ ಕೊಬ್ಬಿನ ಪದರವಿದ್ದರೆ ಅದು ಬಿರಿದು ಹೆಪ್ಪು ಕೂರಲೂಬಹುದು.

ದಕ್ಷಿಣ ಏಷ್ಯಾದವರಾದ ನಾವು ಇದನ್ನು ಇನ್ನಷ್ಟು ಗಮನಿಸಬೇಕು. 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿ, ದಕ್ಷಿಣ ಏಷ್ಯಾ ಮೂಲವನ್ನೇ ಹೃದಯದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ಹೆಸರಿಸಿದೆ. ಸಸ್ಯಾಹಾರಿಗಳೆಂಬ ಒಂದೇ ಕಾರಣಕ್ಕೆ ನಾವು ನಿಶ್ಚಿಂತರಲ್ಲ.

ಅಪಾಯವನ್ನು ಅಳೆಯುವ ಬಗೆ

1977ರಲ್ಲಿ ಬಾಸ್ಟನ್ನಿನ ಡಾ. ಲೀ ಗೋಲ್ಡ್‌ಮನ್ ಮತ್ತು ಸಂಗಡಿಗರು 1,001 ರೋಗಿಗಳನ್ನು ಅಭ್ಯಸಿಸಿ ಈ ಅಪಾಯಕ್ಕೆ ಮೊದಲ ಅಂಕಪಟ್ಟಿ ಮಾಡಿದರು. 1999ರಲ್ಲಿ ಅದು ಸರಳಗೊಂಡು ಆರು ಪ್ರಶ್ನೆಗಳಿಗೆ ಇಳಿಯಿತು:

1. ಹೊಟ್ಟೆ ಅಥವಾ ಎದೆಯ ಒಳಭಾಗದ, ಇಲ್ಲವೇ ದೊಡ್ಡ ರಕ್ತನಾಳದ ಶಸ್ತ್ರಚಿಕಿತ್ಸೆಯೇ?
2. ಹೃದಯದ ರಕ್ತನಾಳದ ಕಾಯಿಲೆ ಇದೆಯೇ?
3. ಹೃದಯ ದುರ್ಬಲವಾಗಿ ಕಾಲೂತ, ಏದುಸಿರು ಬಂದದ್ದುಂಟೇ?
4. ಹಿಂದೆ ಪಾರ್ಶ್ವವಾಯು ತಗುಲಿತ್ತೇ?
5. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆಯೇ?
6. ಮೂತ್ರಪಿಂಡದ ಸೂಚಕವಾದ ಕ್ರಿಯಾಟಿನಿನ್ 2ಕ್ಕಿಂತ ಹೆಚ್ಚಿದೆಯೇ?

ಹೌದು ಎಂಬ ಉತ್ತರ ಹೆಚ್ಚಿದಷ್ಟೂ ಎಚ್ಚರ ಹೆಚ್ಚಬೇಕು. ಇದರ ಜೊತೆಗೆ ವೈದ್ಯರು "ನಿಲ್ಲದೆ ಎರಡು ಅಂತಸ್ತು ಮೆಟ್ಟಿಲು ಹತ್ತುತ್ತೀರಾ?" ಎಂದು ಕೇಳುತ್ತಾರೆ. ನಮ್ಮ ಹಿರಿಯರು ಅಭಿಮಾನದಿಂದ "ಓಹೋ, ಹತ್ತುತ್ತೇನೆ" ಎನ್ನುತ್ತಾರೆ; ಮನೆಯಲ್ಲಿ ಮಾತ್ರ ಮೂರು ತಿಂಗಳಿಂದ ಮಹಡಿ ಏರಿರುವುದಿಲ್ಲ. ದಯವಿಟ್ಟು ಇದ್ದುದನ್ನು ಇದ್ದ ಹಾಗೆ ಹೇಳಿ. ಹತ್ತಲಾಗದ್ದು ಮಂಡಿನೋವಿನಿಂದಲೋ ಉಸಿರು ಕಟ್ಟುವುದರಿಂದಲೋ ಎಂಬುದನ್ನೂ ತಿಳಿಸಿ.

"ಮೊದಲು ಆಂಜಿಯೋಗ್ರಾಮ್ ಮಾಡಿಸಿ ಸ್ಟೆಂಟ್ ಹಾಕಿಸಿಬಿಡೋಣ" ಎನ್ನುವವರೂ ಇದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರಕ್ತನಾಳದ ಆಪರೇಷನ್ನಿಗೆ ಕಾದಿದ್ದ 510 ಮಾಜಿ ಸೈನಿಕರಲ್ಲಿ ಕೆಲವರಿಗೆ ಮೊದಲು ಸ್ಟೆಂಟ್ ಅಥವಾ ಬೈಪಾಸ್ ಮಾಡಲಾಯಿತು. ಸ್ಥಿರವಾದ ಕಾಯಿಲೆಯಿದ್ದ ಅವರಲ್ಲಿ ಇದರಿಂದ ಆಯುಸ್ಸು ಹೆಚ್ಚಲಿಲ್ಲ. ಸ್ಟೆಂಟ್ ಹಾಕಿದರೆ ಮಂಡಿಯ ಆಪರೇಷನ್ನನ್ನು ಎಷ್ಟೋ ತಿಂಗಳು ಮುಂದೂಡಬೇಕಾಗಿಯೂ ಬರುತ್ತದೆ.

ಸಾಂಟಾ ಮೋನಿಕಾದ ಹಾಯಿದೋಣಿ

ನಮ್ಮ ಲಾಸ್ ಏಂಜಲಿಸ್‌ಗೂ ಈ ಕಥೆಯಲ್ಲಿ ಪಾಲಿದೆ. ಸೀಡರ್ಸ್-ಸೈನಾಯ್‌ನ ಡಾ. ಜೆರೆಮಿ ಸ್ವಾನ್ ಅವರು ಸಾಂಟಾ ಮೋನಿಕಾ ಕಡಲತೀರದಲ್ಲಿ ಗಾಳಿಗೆ ಸಾಗುವ ಹಾಯಿದೋಣಿ ನೋಡಿ, ರಕ್ತದ ಹರಿವೇ ಒಂದು ನಳಿಕೆಯನ್ನು ಹೃದಯದೊಳಕ್ಕೆ ಒಯ್ಯಬಾರದೇಕೆ ಎಂದು ಯೋಚಿಸಿದರಂತೆ. ಡಾ. ವಿಲಿಯಂ ಗ್ಯಾಂಜ್ ಜೊತೆಗೂಡಿ ತುದಿಯಲ್ಲಿ ಪುಟ್ಟ ಬಲೂನಿರುವ ನಳಿಕೆಯನ್ನು 1970ರಲ್ಲಿ ಜಗತ್ತಿಗೆ ಕೊಟ್ಟರು. ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಹೃದಯವನ್ನು ಗಮನಿಸಲು ಅದು ಎಲ್ಲೆಡೆ ಬಳಕೆಗೆ ಬಂತು. ಆದರೆ 2003ರಲ್ಲಿ ಪ್ರಕಟವಾದ, ಅಪಾಯ ಹೆಚ್ಚಿದ್ದ 1,994 ರೋಗಿಗಳ ಕೆನಡಾದ ಅಧ್ಯಯನದಲ್ಲಿ, ಎಲ್ಲರಿಗೂ ಅದನ್ನು ಹಾಕುವುದರಿಂದ ಜೀವ ಉಳಿಯುವುದು ಹೆಚ್ಚಲಿಲ್ಲ. ಉಪಕರಣ ಎಷ್ಟೇ ಜಾಣತನದ್ದಾದರೂ ಯಾರಿಗೆ, ಯಾವಾಗ ಎಂಬ ವಿವೇಕ ಬೇಕು.

ಸದ್ದಿಲ್ಲದ ಪೆಟ್ಟು

ಆಪರೇಷನ್ ನಂತರದ ಹೃದಯಾಘಾತ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಂಡು ಬರುವುದು ಅಪರೂಪ. ನೋವು ಮರೆಸುವ ಔಷಧಿ ಎದೆನೋವನ್ನೂ ಮರೆಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ನೋವು ತಿಳಿಯದೆಯೂ ಇರಬಹುದು. 'ವಿಷನ್' ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 45 ದಾಟಿದ ಸುಮಾರು 15,000 ಜನರಿಗೆ ಶಸ್ತ್ರಚಿಕಿತ್ಸೆಯ ನಂತರ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮಾಡಲಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್‌ನ ಸಂಶೋಧಕರೂ ಇದರಲ್ಲಿ ಭಾಗಿಗಳು. 2014ರ ವರದಿಯಂತೆ ನೂರಕ್ಕೆ 8 ಜನರಲ್ಲಿ ಹೃದಯಕ್ಕೆ ಪೆಟ್ಟಾಗಿತ್ತು. ಅವರಲ್ಲಿ ಏನಾದರೂ ಲಕ್ಷಣ ಕಂಡವರು ನೂರಕ್ಕೆ ಸುಮಾರು 16 ಜನ ಮಾತ್ರ! ಪೆಟ್ಟಾದವರಲ್ಲಿ ನೂರಕ್ಕೆ ಸುಮಾರು 10 ಜನ ತಿಂಗಳೊಳಗೆ ತೀರಿಕೊಂಡರು. ಉಳಿದವರಲ್ಲಿ ಆ ಸಂಖ್ಯೆ ನೂರಕ್ಕೆ ಒಂದರಷ್ಟು.

ಹೆಚ್ಚಿನ ಪೆಟ್ಟುಗಳು ಮೊದಲ ಎರಡು ಮೂರು ದಿನಗಳಲ್ಲೇ ಆಗುವುದರಿಂದ, ಅಪಾಯವಿರುವವರಿಗೆ ಆ ದಿನಗಳಲ್ಲಿ ಟ್ರೋಪೋನಿನ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ.

ಔಷಧಿಗಳ ಮಾತು

1996ರಲ್ಲಿ ನಮ್ಮದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ 200 ಜನರ ಅಧ್ಯಯನದಿಂದ ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳ ಮೇಲೆ ದೊಡ್ಡ ಭರವಸೆ ಹುಟ್ಟಿತು. 2008ರಲ್ಲಿ 8,351 ಜನರ 'ಪಾಯ್ಸ್' ಅಧ್ಯಯನ ಬಂತು. ಆಪರೇಷನ್ನಿಗೆ ಕೆಲವೇ ಗಂಟೆ ಮೊದಲು ಮೆಟೊಪ್ರೊಲಾಲ್ ಆರಂಭಿಸಿದಾಗ ಹೃದಯಾಘಾತಗಳು ಕಡಿಮೆಯಾದವು, ಆದರೆ ಪಾರ್ಶ್ವವಾಯು ಮತ್ತು ಸಾವು ಹೆಚ್ಚಿದವು. ಆದ್ದರಿಂದ ಈಗಿನ ನಿಯಮ: ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ ಮುಂದುವರಿಸಬೇಕು, ಆ ದಿನವೇ ಹೊಸದಾಗಿ ಆರಂಭಿಸಬಾರದು. ಕೊಲೆಸ್ಟರಾಲಿನ ಸ್ಟಾಟಿನ್ ಮಾತ್ರೆಯನ್ನೂ ಸಾಮಾನ್ಯವಾಗಿ ಬಿಡಬಾರದು. ಸ್ಟೆಂಟ್ ಇರುವವರು ಆಸ್ಪಿರಿನ್ ಅಥವಾ ಕ್ಲೋಪಿಡೊಗ್ರೆಲ್ ಅನ್ನು ತಾವಾಗಿಯೇ ನಿಲ್ಲಿಸಲೇಬಾರದು. ಹೃದ್ರೋಗ ತಜ್ಞರೂ ಸರ್ಜನ್ನರೂ ಮಾತಾಡಿ ತೀರ್ಮಾನಿಸಲಿ. ಸಕ್ಕರೆ ಕಾಯಿಲೆಗೆ ಜಾರ್ಡಿಯನ್ಸ್, ಫಾರ್ಕ್ಸಿಗಾ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇದನ್ನು ವೈದ್ಯರಲ್ಲಿ ಮುಂಚೆಯೇ ಕೇಳಿ.

ಮನೆಯವರಿಗೆ ನಮ್ಮ ವಿನಂತಿ

• ಊರಿಂದ ತಂದ ಮಾತ್ರೆಗಳನ್ನೂ, ಆಯುರ್ವೇದದ ಲೇಹ, ಚೂರ್ಣಗಳನ್ನೂ ಒಂದೇ ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ. ಊರಿನ ಹಳೆಯ ಇಸಿಜಿ, ಎಕೋ, ಆಂಜಿಯೋಗ್ರಾಮ್ ವರದಿಗಳನ್ನು ತರಿಸಿಕೊಳ್ಳಿ.

• "ಪರವಾಗಿಲ್ಲ" ಎಂಬುದನ್ನು ಉತ್ತರವೆಂದು ಒಪ್ಪಬೇಡಿ. "ಎದೆ ಬಿಗಿಯೇ? ಉಸಿರಾಟ ಹೇಗಿದೆ? ಬೆವರು? ತಲೆಸುತ್ತು?" ಎಂದು ಒಂದೊಂದಾಗಿ ಕೇಳಿ. ಆಸ್ಪತ್ರೆಯಲ್ಲಿ ಉಚಿತ ದುಭಾಷಿಯನ್ನು ಕೇಳುವ ಹಕ್ಕು ನಿಮಗಿದೆ. ಫೋನಿನಲ್ಲಿ ಕನ್ನಡದವರು ಸಿಗುತ್ತಾರೆಯೇ ವಿಚಾರಿಸಿ.

• ಮೊದಲ ಮೂರು ರಾತ್ರಿ ಸಾಧ್ಯವಾದರೆ ಕನ್ನಡ ಬಲ್ಲವರೊಬ್ಬರು ಜೊತೆಗಿರಲಿ. ಕಷ್ಟವಾದರೆ ನಮಗೆ ತಿಳಿಸಿ, ಸರದಿಯಲ್ಲಿ ಬರುತ್ತೇವೆ.

• ಮನೆಗೆ ಬಂದ ಮೇಲೆ ಹೊಸ ಏದುಸಿರು, ಎದೆಬಿಗಿ, ತಣ್ಣನೆಯ ಬೆವರು ಕಂಡರೆ ಗ್ಯಾಸ್ ಎಂದು ಜೀರಿಗೆ ಕಷಾಯ ಮಾಡುತ್ತಾ ಕೂರಬೇಡಿ. ತಕ್ಷಣ 911ಕ್ಕೆ ಕರೆ ಮಾಡಿ.

ಇದು ತಿಳಿವಳಿಕೆಗಾಗಿ ಬರೆದ ಪಾಠ. ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಆಪರೇಷನ್ನಿಗೆ ಹೆದರಿ ಮಂಡಿನೋವಿನಲ್ಲೇ ನರಳಬೇಕೆಂಬುದೂ ನಮ್ಮ ಅಭಿಪ್ರಾಯವಲ್ಲ. ಬಹುಪಾಲು ಜನ ಕ್ಷೇಮವಾಗಿ ಮನೆಗೆ ಬರುತ್ತಾರೆ. ಹಿರಿಯರಲ್ಲಿ ನಮ್ಮದೊಂದೇ ಕೋರಿಕೆ: ಮಕ್ಕಳ ನಿದ್ದೆ ಕೆಟ್ಟರೆ ಕೆಡಲಿ, ನಿಮಗೆ ಹೇಗನಿಸುತ್ತಿದೆ ಎಂಬುದನ್ನು ಅವರಿಗೆ ಹೇಳಿಬಿಡಿ.