ಟೊಮೆಟೊ ಗಿಡ ಎಣಿಸುವುದು ದಿನವನ್ನಲ್ಲ, ಬಿಸಿಯನ್ನು!

ಮಕ್ಕಳೇ, ನಿಮ್ಮ ಮನೆಯ ಸಾರಿಗೆ ಟೊಮೆಟೊ ಬೇಕೇ ಬೇಕಲ್ಲವೇ? ಕೋಲಾರ ಜಿಲ್ಲೆಯಲ್ಲಿ ನೀರಿನ ಅನುಕೂಲವಿದ್ದರೆ ವರ್ಷದ ಯಾವ ಕಾಲದಲ್ಲಾದರೂ ಟೊಮೆಟೊ ನಾಟಿ ಮಾಡುತ್ತಾರೆ. ಆದರೆ ವರ್ಷದಲ್ಲಿ ಮೂರೇ ತಿಂಗಳು ಬೆಚ್ಚಗಿರುವ ಊರಿನಲ್ಲಿ ಏನು ಮಾಡುವುದು?

ಅಂತಹ ಒಂದು ಊರು ಅಮೆರಿಕದ ಅಲಾಸ್ಕ ರಾಜ್ಯದ ಫೇರ್‌ಬ್ಯಾಂಕ್ಸ್. ಭೂಪಟದಲ್ಲಿ ಹುಡುಕಿ ನೋಡಿ. ಉತ್ತರ ಧ್ರುವ ವೃತ್ತಕ್ಕೆ ಅದು ಬಹಳ ಹತ್ತಿರ. ಅಲ್ಲಿನ ಜನ ಚಳಿ ಇರುವಾಗಲೇ ಮನೆಯೊಳಗೆ ಬೀಜ ಬಿತ್ತಿ, ಸಸಿ ಬೆಳೆಸಿ, ಜೂನ್ ಮೊದಲಲ್ಲಿ ತೋಟಕ್ಕೆ ನಾಟಿ ಮಾಡುತ್ತಾರೆ. ಸೆಪ್ಟೆಂಬರ್ ಆರಂಭದ ಹೊತ್ತಿಗೆ ರಾತ್ರಿಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಹುದು. ಆಗ ಗಿಡದೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಹಾಳಾಗುತ್ತವೆ. ಬೆಳಗಾಗುವಷ್ಟರಲ್ಲಿ ಹಸಿರು ಗಿಡ ಕಪ್ಪಾಗಿ ಜೋತುಬಿದ್ದಿರುತ್ತದೆ. ಅಂದರೆ ತೋಟಗಾರನ ಕೈಯಲ್ಲಿರುವುದು ಸುಮಾರು 90 ದಿನ ಮಾತ್ರ.

ಯಾವ ತಳಿ ಆರಿಸಬೇಕು?

ಟೊಮೆಟೊದಲ್ಲಿ ನೂರಾರು ತಳಿಗಳಿವೆ. ನಾಟಿ ಮಾಡಿದ ಮೇಲೆ ಮೊದಲ ಹಣ್ಣಿಗೆ ಎಷ್ಟು ದಿನ ಬೇಕೆಂದು ಬೀಜದ ಪೊಟ್ಟಣದ ಮೇಲೆ ಬರೆದಿರುತ್ತದೆ. ದೊಡ್ಡ ಹಣ್ಣಿನ ‘ಬ್ರ್ಯಾಂಡಿವೈನ್’ ತಳಿಗೆ ಸುಮಾರು 80 ದಿನ ಬೇಕು. ಚಿಕ್ಕ ಹಣ್ಣಿನ, ಜೆಕ್ ದೇಶದ ‘ಸ್ಟುಪಿಚೆ’ ತಳಿಗೆ ಸುಮಾರು 55 ದಿನ ಸಾಕು. “80 ಕೂಡ 90ಕ್ಕಿಂತ ಕಡಿಮೆಯೇ, ಎರಡೂ ಹಣ್ಣಾಗುತ್ತವೆ” ಎಂದಿರಾ? ನಿಲ್ಲಿ, ಒಂದು ಲೆಕ್ಕ ಬಾಕಿ ಇದೆ.

ಬಿಸಿಯ ಲೆಕ್ಕ

ಉಷ್ಣತೆ ಸುಮಾರು 10 ಡಿಗ್ರಿಗೆ ಇಳಿದರೆ ಟೊಮೆಟೊ ಗಿಡದ ಬೆಳವಣಿಗೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆದ್ದರಿಂದ ದಿನದ ಸರಾಸರಿ ಉಷ್ಣತೆಯಲ್ಲಿ 10 ಕಳೆಯೋಣ. ಉಳಿದದ್ದನ್ನು ಆ ದಿನ ಗಿಡ ಗಳಿಸಿದ ‘ಬಿಸಿ ಅಂಕ’ ಎನ್ನೋಣ.

ಸರಾಸರಿ 20 ಡಿಗ್ರಿ ಇರುವ ಊರಲ್ಲಿ ಗಿಡಕ್ಕೆ ದಿನಕ್ಕೆ 10 ಅಂಕ. ಅಲ್ಲಿ 55 ದಿನದ ತಳಿ 550 ಅಂಕ ಗಳಿಸಿ ಹಣ್ಣು ಕೊಡುತ್ತದೆ. 80 ದಿನದ ತಳಿಗೆ 800 ಅಂಕ ಬೇಕು. ಫೇರ್‌ಬ್ಯಾಂಕ್ಸ್‌ನಲ್ಲಿ ಜುಲೈ ತಿಂಗಳ ಸರಾಸರಿಯೇ ಸುಮಾರು 17 ಡಿಗ್ರಿ. ಅಂದರೆ ದಿನಕ್ಕೆ 7 ಅಂಕ ಮಾತ್ರ.

550 ÷ 7 = ಸುಮಾರು 79 ದಿನ
800 ÷ 7 = ಸುಮಾರು 114 ದಿನ

ನೋಡಿದಿರಾ? ಮೊದಲ ತಳಿ 90 ದಿನದೊಳಗೆ ಹಣ್ಣಾಯಿತು. ಎರಡನೆಯದು ಕಾಯಿಯಾಗಿಯೇ ಚಳಿಗೆ ಸಿಕ್ಕಿತು! ಸರಾಸರಿ 24 ಡಿಗ್ರಿ ಇರುವ ಬೆಂಗಳೂರಿನಲ್ಲಿ ದಿನಕ್ಕೆ 14 ಅಂಕ. ನಮ್ಮ ಒಂದು ದಿನ ಅಲ್ಲಿನ ಎರಡು ದಿನಕ್ಕೆ ಸಮ. ಬಿಸಿಲಿನ ಅವಧಿ, ಮಣ್ಣು, ನೀರು ಇವುಗಳಿಂದಲೂ ವ್ಯತ್ಯಾಸವಾಗುತ್ತದೆ. ಆದರೂ ತಳಿ ಆರಿಸಲು ಈ ಸರಳ ಲೆಕ್ಕ ನೆರವಾಗುತ್ತದೆ.

ಇನ್ನೊಂದು ತೊಡಕು

ರಾತ್ರಿಯ ಉಷ್ಣತೆ ಸುಮಾರು 13 ಡಿಗ್ರಿಗಿಂತ ಕಡಿಮೆಯಾದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂ ಕಾಯಿಕಟ್ಟದೆ ಉದುರುತ್ತದೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಯಾಗೆಟ್ ಇದಕ್ಕೆ ಉಪಾಯ ಹುಡುಕಿದರು. ಅವರು ಬೆಳೆಸಿದ ‘ಆರೆಗಾನ್ ಸ್ಪ್ರಿಂಗ್’, ‘ಲೆಜೆಂಡ್’ ತಳಿಗಳು ಚಳಿಯಲ್ಲಿ ಪರಾಗಸ್ಪರ್ಶವಿಲ್ಲದೆಯೇ ಕಾಯಿಕಟ್ಟಬಲ್ಲವು. ಅಂತಹ ಹಣ್ಣುಗಳಲ್ಲಿ ಬೀಜ ಬಹಳ ಕಡಿಮೆ!

ಬೇಗ ಹಣ್ಣಾಗುವ ತಳಿಗಳ ಹಣ್ಣು ಸಾಮಾನ್ಯವಾಗಿ ಚಿಕ್ಕದು. ಆದರೆ ಕೈಗೆ ಸಿಗದ ದೊಡ್ಡ ಹಣ್ಣಿಗಿಂತ ಕೈಗೆ ಸಿಕ್ಕ ಚಿಕ್ಕ ಹಣ್ಣೇ ಲೇಸಲ್ಲವೇ?

ಮಾಡಿ ನೋಡಿ

ಒಂದೇ ಗಾತ್ರದ, ಪೂರ್ತಿ ಬಲಿತ ಎರಡು ಟೊಮೆಟೊ ಕಾಯಿ ತನ್ನಿ. ಒಂದನ್ನು ಬೆಚ್ಚನೆಯ ಮೂಲೆಯಲ್ಲಿಡಿ. ಇನ್ನೊಂದನ್ನು ಬಟ್ಟಲಲ್ಲಿ ಹಾಕಿ, ನೀರಿನ ಮಡಕೆಯ ಪಕ್ಕ ಒದ್ದೆ ಮರಳಿನ ಮೇಲಿಡಿ. ಪ್ರತಿದಿನ ಬಣ್ಣ ನೋಡಿ ಬರೆದುಕೊಳ್ಳಿ. ಯಾವುದು ಮೊದಲು ಕೆಂಪಾಯಿತು? ಏಕೆ?

ಲೆಕ್ಕ ಮಾಡಿ

ಒಂದು ತಳಿಗೆ 650 ಬಿಸಿ ಅಂಕ ಬೇಕು. ಫೇರ್‌ಬ್ಯಾಂಕ್ಸ್‌ನಲ್ಲಿ ಅದು 90 ದಿನದೊಳಗೆ ಹಣ್ಣಾಗುವುದೇ? ಗಿಡಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಸರಾಸರಿ ಉಷ್ಣತೆಯನ್ನು 2 ಡಿಗ್ರಿ ಹೆಚ್ಚಿಸಿದರೆ?

(ಉತ್ತರ: ಹೊದಿಕೆ ಇಲ್ಲದೆ ಸುಮಾರು 93 ದಿನ, ಹಣ್ಣಾಗದು. ಹೊದಿಕೆ ಹಾಕಿದರೆ ಸುಮಾರು 72 ದಿನ, ಹಣ್ಣಾಗುತ್ತದೆ.)