ಕೋಡಿಯ ಮೇಲೆ ಹರಿದುಹೋಗುತ್ತಿದ್ದ ನೀರು

ಎಂಜಿನಿಯರಿಂಗ್ ಎಂದರೆ ದೊಡ್ಡದಾಗಿ ಕಟ್ಟುವುದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪುಣೆಯಲ್ಲಿ ಈ ವೃತ್ತಿಯಲ್ಲಿದ್ದು ನಾನು ಕಲಿತದ್ದು ಬೇರೆ: ಇರುವುದನ್ನು ಸರಿಯಾಗಿ ನೋಡುವುದೇ ಇದರ ಮೊದಲ ಕೆಲಸ. ಖಡಕ್‌ವಾಸ್ಲಾ ಜಲಾಶಯಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಬ್ರಿಟಿಷರ ಕಾಲದಲ್ಲಿ ಅದರ ಹೆಸರು ಫೈಫ್ ಸರೋವರ. ನಗರಕ್ಕೂ ಮುಠಾ ಕಾಲುವೆಗಳಿಗೂ ಅದೇ ಆಸರೆ. ಹೆಚ್ಚು ನೀರು ಬೇಕೆಂದರೆ ಕಟ್ಟೆ ಎತ್ತರಿಸಬೇಕು ಎಂಬುದು ಯಾರಿಗಾದರೂ ಹೊಳೆಯುವ ಉತ್ತರ. ಆದರೆ ಎತ್ತರಿಸಿದಷ್ಟೂ ಹಳೆಯ ಕಲ್ಲುಕಟ್ಟಡದ ಮೇಲೆ ಒತ್ತಡ ಏರುತ್ತದೆ. 1883ರಲ್ಲಿ ಇದೇ ಪುಣೆಯಲ್ಲಿ ಎಂಜಿನಿಯರಿಂಗ್ ಓದು ಮುಗಿಸಿದ್ದ ಎಂ. ವಿಶ್ವೇಶ್ವರಯ್ಯನವರು ನೋಡಿದ್ದು ಕೋಡಿಯನ್ನು. ಪ್ರವಾಹ ಬಂದಾಗ ನೀರು ಕೋಡಿಯ ಮೇಲೆ ಆರರಿಂದ ಎಂಟು ಅಡಿ ಏರಿ ಹರಿದುಹೋಗುತ್ತಿತ್ತು. ಅಂದರೆ ಅಷ್ಟು ಎತ್ತರದ ನೀರನ್ನು ಕಟ್ಟೆ ಆಗಲೇ ತಾಳಿಕೊಳ್ಳುತ್ತಿತ್ತು. ಮಳೆ ನಿಂತ ಮೇಲೆ ಅದನ್ನು ಹಿಡಿದಿಡುವ ಏರ್ಪಾಡು ಮಾತ್ರ ಇರಲಿಲ್ಲ. 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳು ಅಲ್ಲಿ ಬಂದವು. ನೀರು ಹಳೆಯ ಪ್ರವಾಹಮಟ್ಟ ದಾಟಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳು. ಸಂಗ್ರಹ ಸುಮಾರು ಶೇ. 25ರಷ್ಟು ಹೆಚ್ಚಿತು. ಕಟ್ಟೆಯ ಮಿತಿಯನ್ನು ಅವರು ಅಡ್ಡಿಯೆಂದು ಬಗೆಯದೆ ಲೆಕ್ಕದ ಮೊದಲ ಅಂಕಿಯಾಗಿ ಇಟ್ಟುಕೊಂಡರು. ಮುಂದೆ ಕನ್ನಂಬಾಡಿಗೂ ಇದೇ ಬಗೆಯ ಗೇಟುಗಳು ಬಂದವು.

ಗೇಟು ಕಬ್ಬಿಣದ್ದು, ಹೇಳಿದಂತೆ ಕೇಳುತ್ತದೆ; ಮನುಷ್ಯರ ಸಮಸ್ಯೆಗೆ ಈ ಬುದ್ಧಿ ಒದಗೀತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ, ನೀರಾ ಕಾಲುವೆಯ ಕಬ್ಬಿನ ಹೊಲಗಳಿವೆ. ಕಾಲುವೆಯ ಮೇಲಿನ ಊರುಗಳು ಮಿತಿಮೀರಿ ನೀರು ಹಾಯಿಸಿದರೆ ಅಲ್ಲಿ ಭೂಮಿ ಜವಳಾಗುತ್ತದೆ, ಕೆಳಗಿನವರ ಪಾಲು ಒಣಗುತ್ತದೆ. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ಹೆಚ್ಚು ಊರುಗಳಿಗೆ ನೀರು ಹಂಚಿತು. ಪ್ರತಿ ಊರಿನಲ್ಲೂ ತಕ್ಕ ಮಣ್ಣಿನ ತುಂಡುಗಳನ್ನು ಆರಿಸಿ, ಹೆಚ್ಚು ನೀರು ಬೇಡುವ ಬೆಳೆ, ಕಡಿಮೆ ಬೇಡುವ ಬೆಳೆ ಸರದಿಯಲ್ಲಿ ಬರುವಂತೆ ಮಾಡಿತು. ಮಣ್ಣು, ಬೆಳೆ, ರೈತನ ಆಸೆ ಮೂರನ್ನೂ ಒಟ್ಟಿಗೆ ತೂಗಿದ ಯೋಜನೆ ಅದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣ. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆದು ಪುಣೆ ಮುಳುಗಿತು. ಪಾನ್‌ಶೆತ್ ಕಟ್ಟಿದವರೂ ಎಂಜಿನಿಯರುಗಳೇ ಅಲ್ಲವೇ? ಹೌದು. ಆದರೆ ಕಾಮಗಾರಿ ಪೂರ್ತಿಯಾಗುವ ಮೊದಲೇ ಅಲ್ಲಿ ಮಳೆಗಾಲದ ನೀರು ತುಂಬಿತ್ತು. ಕಟ್ಟೆ ಎಷ್ಟು ತಾಳೀತು ಎಂಬ ಪ್ರಶ್ನೆಗೆ ಆತುರ ಉತ್ತರವಾಗಲಾರದು. ಪದವಿ ಇದ್ದಲ್ಲೆಲ್ಲ ಇರುವುದನ್ನು ಸರಿಯಾಗಿ ನೋಡುವ ಮನೋಭಾವ ಇರುತ್ತದೆಂದು ನಾನು ಹೇಳುವುದಿಲ್ಲ. ಮಿತಿಯನ್ನು ಮರೆತ ಕಡೆ ಅದು ಇಲ್ಲವೆಂದೇ ನನ್ನ ಮಾತು.

ಇಂದು ಪುಣೆಗೆ ಖಡಕ್‌ವಾಸ್ಲಾ, ಪಾನ್‌ಶೆತ್, ವರಸಗಾಂವ್, ಟೇಮ್‌ಘರ್‌ಗಳ ಜೊತೆಗೆ ಭಾಮಾ ಆಸ್‌ಖೇಡ್‌ನಿಂದಲೂ ನೀರು ಬರುತ್ತಿದೆ. ಆದರೂ ಪ್ರತಿ ಬೇಸಿಗೆಯಲ್ಲಿ ಕೇಳಿಬರುವುದು ಇನ್ನಷ್ಟು ನೀರು ಎಲ್ಲಿಂದ ತರೋಣ ಎಂಬ ಮಾತೇ. ಬಂದ ನೀರು ಯಾವ ಕೊಳವೆಯಲ್ಲಿ ಸೋರುತ್ತಿದೆ ಎಂದು ಮೊದಲು ಅಳೆಯಬೇಕು. ಮನೆಮನೆಗೆ ಮೀಟರ್ ಹಾಕುವುದನ್ನು ಜನ ಬಿಲ್ಲಿನ ಭಯದಿಂದ ವಿರೋಧಿಸಬಹುದು. ಬಡವರಿಗೆ ದರದಲ್ಲಿ ರಿಯಾಯಿತಿ ಕೊಡಲಿ, ಅಳತೆಯನ್ನು ಮಾತ್ರ ಬಿಡಬಾರದು. ಇಲ್ಲಿ ಸೋರಿಹೋಗುವ ನೀರಿಗಾಗಿ ಮುಠಾ ಕಾಲುವೆಯ ಕೆಳಗೆ ದೌಂಡ್, ಇಂದಾಪುರದ ರೈತರು ಕಾಯುತ್ತಿದ್ದಾರೆ.