ಹುಳ ಜ್ವರದಿಂದ ಏಳುವ ವಾರ ಕೂಟವಿಲ್ಲ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಪ್ರಾರ್ಥನಾ ಕೂಟದ ದಿನವನ್ನು ಪಂಚಾಂಗವೋ ಕ್ಯಾಲೆಂಡರೋ ಗೊತ್ತುಮಾಡುವುದಿಲ್ಲ, ರೇಷ್ಮೆ ಹುಳ ಗೊತ್ತುಮಾಡುತ್ತದೆ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳ ಸುಮಾರು ಒಂದು ವಾರ ಹಗಲು ರಾತ್ರಿಯೆನ್ನದೆ ಸೊಪ್ಪು ತಿನ್ನುತ್ತದೆ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇ. 80ರಷ್ಟು ಆ ಒಂದು ವಾರಕ್ಕೇ ಖರ್ಚು. ಮನೆಮಂದಿಯೆಲ್ಲ ತೋಟಕ್ಕೂ ಹುಳುಮನೆಗೂ ಓಡಾಡುತ್ತಿರುವಾಗ ಕೂಟಕ್ಕೆ ಬರುವವರು ಯಾರು?

ಬೇಸಿಗೆ ರಜೆಯಲ್ಲಿ ಹಳ್ಳಿಯ ಪಾಸ್ಟರುಗಳಿಗೆ ನೆರವಾಗಲೆಂದು ಬೆಂಗಳೂರಿನಿಂದ ಹೊರಟ ಸ್ವಯಂಸೇವಕರ ತಂಡಕ್ಕೆ ಅಲ್ಲಿನ ಪಾಸ್ಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಹುಳ ಜ್ವರ ಎದ್ದಿವೆ ಬ್ರದರ್, ಈ ವಾರ ಕೂಟ ಆಗಲ್ಲ. ಬರೋದಾದ್ರೆ ಸೊಪ್ಪು ಕೊಯ್ಯೋಕೆ ಬನ್ನಿ.’ ತಂಡ ಹೋಯಿತು, ಸೊಪ್ಪು ಕೊಯ್ದಿತು. ಆ ತಂಡದಲ್ಲಿ ನಾನೂ ಇದ್ದೆ. ತೋಟದ ಬದುವಿನ ಮೇಲೆ ಮುದ್ದೆ ಉಣ್ಣುವಾಗ ಹೆಂಗಸರು ಸಾಲದ ಕಂತು, ಮಗಳ ಮದುವೆ, ಗಂಡನ ಕುಡಿತ ಎಲ್ಲವನ್ನೂ ಪಾಸ್ಟರ್ ಮುಂದೆ ಹೇಳಿಕೊಂಡರು. ವೇದಿಕೆ ಹಾಕಿ ಮೈಕು ಕಟ್ಟಿದ್ದರೆ ಈ ಮಾತು ಹೊರಡುತ್ತಲೇ ಇರಲಿಲ್ಲ.

ಹೊರಗಿನಿಂದ ಬಂದವರು ಈ ಸೀಮೆಗೆ ಹೊಸಬರಲ್ಲ. 1820ರಲ್ಲಿ ಬೆಂಗಳೂರಿಗೆ ಬಂದ ಲಂಡನ್ ಮಿಷನ್ ಮುಂದೆ ಚಿಕ್ಕಬಳ್ಳಾಪುರದಲ್ಲೂ ನೆಲೆಯೂರಿತು. 1913ರಲ್ಲಿ ಅದು ಕಟ್ಟಿದ ಆಸ್ಪತ್ರೆಯೇ ಇಂದಿನ ಸಿ.ಎಸ್.ಐ. ಆಸ್ಪತ್ರೆ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇದೇ ಮಿಷನ್ನಿನವರು. ಅವರು ಬದುಕಿನ ಬಹುಭಾಗವನ್ನು ಕನ್ನಡಿಗರ ನಡುವೆಯೇ ಕಳೆದರು. ವಾರದ ಮಟ್ಟಿಗೆ ಬಂದು ಹೋಗುವವರು ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಅದೇ ಲಂಡನ್ ಮಿಷನ್ ಆಫ್ರಿಕಾಕ್ಕೆ ಕಳುಹಿಸಿದ ಡೇವಿಡ್ ಲಿವಿಂಗ್‌ಸ್ಟನ್ ಕಥೆ ನಮ್ಮ ಭಾನುವಾರದ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಸೆಚೆಲೆ ಯಾರಿಗೂ ಗೊತ್ತಿಲ್ಲ. ಇಂದಿನ ಬೋಟ್ಸ್ವಾನಾದ ಬಕ್ವೇನಾ ಜನರ ಅರಸನಾಗಿದ್ದ ಅವನಿಗೆ ಲಿವಿಂಗ್‌ಸ್ಟನ್ 1848ರಲ್ಲಿ ದೀಕ್ಷಾಸ್ನಾನ ಕೊಟ್ಟರು. ಕೆಲವೇ ತಿಂಗಳಲ್ಲಿ ಅವನ ನಡತೆಯಿಂದ ನೊಂದು, ಆಮೇಲೆ ಬೇರೆ ದಾರಿ ಹಿಡಿದು ಹೊರಟುಹೋದರು. ಸೆಚೆಲೆ ಮಾತ್ರ ಊರಲ್ಲೇ ಉಳಿದು, ತಾನೇ ಓದಿಸಿದ, ತಾನೇ ಪ್ರಾರ್ಥನೆ ನಡೆಸಿದ, 1892ರಲ್ಲಿ ಸಾಯುವವರೆಗೂ. ಆ ನೆಲದಲ್ಲಿ ಸುವಾರ್ತೆ ಬೇರುಬಿಟ್ಟದ್ದರಲ್ಲಿ ಉಳಿದವನ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ.

ಊರಲ್ಲೇ ಉಳಿದವರ ಪಾಲು ಎಂಥದೆಂಬುದು ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು. ಪಾಸ್ಟರ್ ಕನ್ನಡದಲ್ಲಿ ವಾಕ್ಯ ಓದುತ್ತಾರೆ, ಕಾಯಿಲೆಯವರ ತಲೆಯ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಪ್ರಾರ್ಥಿಸುತ್ತಾರೆ. ತಂಡದವರು ಬೆಂಗಳೂರಿನಿಂದ ಹೊತ್ತೊಯ್ದ ಬಣ್ಣದ ಚಾರ್ಟುಗಳನ್ನು ಅವರು ಪ್ರೀತಿಯಿಂದಲೇ ಬದಿಗಿಟ್ಟು, ಟೊಮ್ಯಾಟೊ ಮಂಡಿಯ ಲೆಕ್ಕಾಚಾರದಿಂದಲೇ ಕಥೆ ಶುರುಮಾಡಿದರು. ಮಕ್ಕಳು ಅಲುಗಾಡಲಿಲ್ಲ.

ಇನ್ನೊಂದು ಮಾತನ್ನು ಮೆದುವಾಗಿ ಹೇಳಲಾಗದು. ಬಂದವರು ಮಕ್ಕಳಿಗೆ ಬ್ಯಾಗು, ಟೀ ಶರ್ಟು ಹಂಚಿ, ಫೋಟೊ ಹಿಡಿದು, ಸಂಜೆಯ ಹೊತ್ತಿಗೆ ಹೆದ್ದಾರಿ ಸೇರುತ್ತಾರೆ. ಮರುದಿನ ಊರಿನವರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪಾಸ್ಟರ್. 2022ರಲ್ಲಿ ಬಂದ ಕರ್ನಾಟಕದ ಮತಾಂತರ ತಡೆ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ರದ್ದುಮಾಡಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿದ್ದು ನಿಜ, ಆದರೆ ಹಳ್ಳಿಯ ಅನುಮಾನ ಸಂಪುಟದ ತೀರ್ಮಾನದಿಂದ ಕರಗುವುದಿಲ್ಲ. ಏನನ್ನೂ ಹಂಚಬೇಡಿ ಎಂದು ಗೌರಿಬಿದನೂರಿನ ಪಾಸ್ಟರ್ ಕೈಮುಗಿದು ಕೇಳಿದ್ದಕ್ಕೆ ಕಾರಣ ಇದು. ಕೊಡಲೇಬೇಕೆಂದಿದ್ದರೆ ಊರ ಸರ್ಕಾರಿ ಶಾಲೆಗೆ, ಮುಖ್ಯೋಪಾಧ್ಯಾಯರ ಕೈಗೆ, ಜಾತಿ ಮತ ನೋಡದೆ ಎಲ್ಲ ಮಕ್ಕಳಿಗೂ ಸಲ್ಲುವಂತೆ ಕೊಡಿ ಎಂದರು. ಹಾಗೇ ಆಯಿತು.

1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ವಿ.ಎಸ್. ಅಜರಯ್ಯ ಪಾಶ್ಚಾತ್ಯರ ಎದುರು ನಿಂತು, ನಿಮ್ಮ ತ್ಯಾಗಕ್ಕೆ ಋಣಿಗಳು, ಆದರೆ ನಮಗೆ ಬೇಕಿರುವುದು ಸ್ನೇಹಿತರು ಎಂಬರ್ಥದ ಮಾತಾಡಿದ್ದರು. ಎರಡು ವರ್ಷದ ಬಳಿಕ ಅವರು ದೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅಂದು ಆ ಮಾತಿನ ಗುರಿ ಬಿಳಿಯರು. ಇಂದು ಬೆಂಗಳೂರಿನ ದೊಡ್ಡ ಸಭೆಗಳೂ ಹಳ್ಳಿಯ ಪಾಸ್ಟರುಗಳ ಮುಂದೆ ಕೂತು ಅದನ್ನು ಕೇಳಿಸಿಕೊಳ್ಳಬೇಕು.

ಕೇಳಿದರೆ ಅವರು ಹೇಳುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ನಾಲ್ಕು ತಾಲ್ಲೂಕಿನ ಪಾಸ್ಟರುಗಳು ಕೂಡಿದ ದಿನ ಬಂದ ಬೇಡಿಕೆಗಳಲ್ಲಿ ಕಟ್ಟಡ ಇರಲಿಲ್ಲ, ದೊಡ್ಡ ಸಭೆಯ ಆಸೆಯೂ ಇರಲಿಲ್ಲ. ಸಭೆಯ ಲೆಕ್ಕಪತ್ರ ಬರೆಯುವುದನ್ನು ಕಲಿಸುವವರು ಬೇಕು. ಹೆಂಡತಿಯ ಹೆರಿಗೆಗೆ, ತಂದೆಯ ಆಪರೇಷನ್ನಿಗೆ ಹೋಗಬೇಕಾದಾಗ ಭಾನುವಾರದ ಆರಾಧನೆ ನಡೆಸಿಕೊಡುವವರು ಬೇಕು. ತರಬೇತಿಗೆ ಹೋಗಲು ಬಿಡುವು ಬೇಕು. ವರ್ಷಗಟ್ಟಲೆ ಒಬ್ಬರೇ ದುಡಿದ ಒಬ್ಬ ಹಿರಿಯರು, ತಮ್ಮ ಕಷ್ಟಕ್ಕೂ ಯಾರಾದರೂ ಪ್ರಾರ್ಥಿಸಬೇಕು ಎಂದರು. ತಂಡದಲ್ಲಿದ್ದ ಒಬ್ಬ ಲೆಕ್ಕಪರಿಶೋಧಕರು ಈಗ ತಿಂಗಳಿಗೊಮ್ಮೆ ಚಿಂತಾಮಣಿಗೆ ಹೋಗುತ್ತಾರೆ. ಆರಾಧನೆ ನಡೆಸಲು ಒಪ್ಪಿದ ಇಬ್ಬರು ತೆಲುಗು ಕಲಿಯುತ್ತಿದ್ದಾರೆ.